ಕಂಪೆನಿಯ ಅಂತ್ಯ ಮತ್ತು ವ್ಯಕ್ತಿಯ ಹೊಣೆ: ಒಂದು ಚಾರಿತ್ರಿಕ ವಿವೇಚನೆ

1

ಸಣ್ಣ ಕಂಪೆನಿಯೊಂದು ವ್ಯವಹಾರವನ್ನು ನಿಲ್ಲಿಸಿ ಬಾಗಿಲು ಮುಚ್ಚಿದ ಮೇಲೆ, ಅದು ಮಾಡಿಕೊಂಡಿದ್ದ ಕರಾರುಗಳಿಗೆ ಹೊಣೆಗಾರರು ಯಾರು? ಈ ಪ್ರಶ್ನೆ ನ್ಯಾಯವಾದಿಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಋಣಿಯು ಇಲ್ಲವಾದಾಗ ಋಣವೂ ಅಳಿಯುತ್ತದೆಯೇ, ಅಳಿಯದಿದ್ದರೆ ಅದು ಯಾರನ್ನು ಹಿಂಬಾಲಿಸುತ್ತದೆ ಎಂಬುದು ಬಹು ಪ್ರಾಚೀನವಾದ ಜಿಜ್ಞಾಸೆ. ಇಂದಿನ ಕಂಪೆನಿ ಶಾಸನವು ಅದಕ್ಕೆ ಕೊಟ್ಟಿರುವ ಉತ್ತರದ ಅರ್ಥವು ಚರಿತ್ರೆಯ ಹಿನ್ನೆಲೆಯಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ.

ವಿವೇಚನೆಯ ಅನುಕೂಲಕ್ಕಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಇಬ್ಬರು ಸೋದರರು ತಲಾ 50,000 ರೂಪಾಯಿ ಹಾಕಿ ಒಂದು ಖಾಸಗಿ ಕಂಪೆನಿಯನ್ನು ನೋಂದಾಯಿಸಿ ಬಟ್ಟೆಯ ವ್ಯಾಪಾರವನ್ನು ತೊಡಗುತ್ತಾರೆ. ಅಂಗಡಿಯ ಕಟ್ಟಡ ಬಾಡಿಗೆಯದು. ಸರಕು ಸಗಟು ವ್ಯಾಪಾರಿಯಿಂದ ಉದ್ದರಿಯಾಗಿ ಬಂದದ್ದು. ನಡೆವಳಿಯ ಬಂಡವಾಳ ಬ್ಯಾಂಕಿನ ಸಾಲ. ಕೆಲವು ವರ್ಷಗಳಲ್ಲಿ ವ್ಯಾಪಾರ ಕುಸಿಯುತ್ತದೆ. ಆ ವೇಳೆಗೆ ಬ್ಯಾಂಕಿಗೆ 10 ಲಕ್ಷ, ಸಗಟು ವ್ಯಾಪಾರಿಗೆ 3 ಲಕ್ಷ, ಕಟ್ಟಡದ ಮಾಲೀಕನಿಗೆ 2 ಲಕ್ಷ ರೂಪಾಯಿ ಸಲ್ಲಬೇಕಾಗಿರುತ್ತದೆ. ಕಂಪೆನಿಯಲ್ಲಿ ಉಳಿದಿರುವುದು 4 ಲಕ್ಷ ಬೆಲೆಯ ಸರಕು ಮಾತ್ರ.

ಇಂಥ ಸಂದರ್ಭದಲ್ಲಿ ಜನರಲ್ಲಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಕಂಪೆನಿ ಹೋದ ಮೇಲೆ ಅದರ ಸಾಲವೂ ಹೋಯಿತು, ಸೋದರರನ್ನು ಯಾರೂ ಕೇಳುವಂತಿಲ್ಲ ಎಂಬುದು ಒಂದು. ವ್ಯಾಪಾರ ಮಾಡಿದವರು ಅವರೇ ಆದುದರಿಂದ ಮನೆಮಠ ಮಾರಿಯಾದರೂ ಎಲ್ಲವನ್ನೂ ತೀರಿಸತಕ್ಕದ್ದು ಎಂಬುದು ಇನ್ನೊಂದು. ಎರಡೂ ಪೂರ್ಣ ಸತ್ಯವಲ್ಲ. ಮೂವರು ಋಣದಾತರಿಗೂ ಒಂದೇ ಉತ್ತರ ದೊರೆಯುವುದಿಲ್ಲವೆಂಬುದನ್ನೂ, ಅದಕ್ಕೆ ಕಾರಣವೇನೆಂಬುದನ್ನೂ ಮುಂದೆ ನಿರೂಪಿಸಲು ಯತ್ನಿಸುತ್ತೇವೆ.

2

ಋಣವು ವ್ಯಕ್ತಿಗೆ ಅಂಟಿದ್ದು ಎಂಬ ಭಾವನೆ ನಮ್ಮ ಪ್ರಾಚೀನ ವ್ಯವಹಾರಶಾಸ್ತ್ರದಲ್ಲಿ ಬಲವಾಗಿ ಬೇರೂರಿತ್ತು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರವರೆಗಿನ ಅವಧಿಯಲ್ಲಿ, ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ಮುಂದೆ ಭಾರತದ ಬಹುಭಾಗಕ್ಕೆ ಪ್ರಮಾಣವಾಯಿತು. ಆ ಪರಂಪರೆಯಲ್ಲಿ ತಂದೆಯ ಋಣವನ್ನು ತೀರಿಸುವುದು ಮಗನ ಧರ್ಮ. ತಂದೆಯು ತೀರಿಕೊಂಡರೂ ಋಣವು ತೀರಿಕೊಳ್ಳುವುದಿಲ್ಲ. ಆದರೆ ಈ ನಿಯಮಕ್ಕೂ ಎಲ್ಲೆಯುಂಟು. ಮದ್ಯಪಾನ, ಜೂಜು ಮೊದಲಾದ ದುರ್ವ್ಯಸನಗಳಿಗಾಗಿ ತಂದೆ ಮಾಡಿದ ಸಾಲಕ್ಕೆ ಮಗನು ಬದ್ಧನಲ್ಲ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಜಾಮೀನಿನ ವಿಚಾರ. ಯಾಜ್ಞವಲ್ಕ್ಯನು ಜಾಮೀನುದಾರರಲ್ಲಿ ಮೂರು ಬಗೆಯನ್ನು ಹೇಳುತ್ತಾನೆ. ಋಣಿಯನ್ನು ಬೇಕಾದಾಗ ತಂದು ನಿಲ್ಲಿಸುತ್ತೇನೆ ಎಂದವನು ದರ್ಶನಪ್ರತಿಭೂ. ಇವನು ನಂಬತಕ್ಕವನು ಎಂದು ಭರವಸೆ ನುಡಿದವನು ಪ್ರತ್ಯಯಪ್ರತಿಭೂ. ಅವನು ಕೊಡದಿದ್ದರೆ ನಾನು ಕೊಡುತ್ತೇನೆ ಎಂದವನು ದಾನಪ್ರತಿಭೂ. ಮೊದಲ ಇಬ್ಬರು ಮಡಿದರೆ ಅವರ ಮಕ್ಕಳು ಆ ಸಾಲವನ್ನು ಕೊಡಬೇಕಾಗಿಲ್ಲ. ಮೂರನೆಯವನ ಮಕ್ಕಳು ಕೊಡತಕ್ಕದ್ದು. ಆಡಿದ ಮಾತು ಯಾವ ಸ್ವರೂಪದ್ದು ಎಂಬುದರ ಮೇಲೆಯೇ ಹೊಣೆಯ ಆಯುಷ್ಯವು ನಿರ್ಧಾರವಾಗುತ್ತದೆಂಬ ತತ್ತ್ವ ಇಲ್ಲಿ ಗಮನಾರ್ಹ. ಈ ತತ್ತ್ವವು ಮುಂದೆ ಮತ್ತೆ ನಮ್ಮ ಮುಂದೆ ಬರಲಿದೆ.

ಹಲವರು ಕೂಡಿ ನಡೆಸುವ ವ್ಯಾಪಾರವೂ ಶಾಸ್ತ್ರಕಾರರಿಗೆ ತಿಳಿಯದ್ದಲ್ಲ. ಸಂಭೂಯಸಮುತ್ಥಾನವೆಂಬ ಹೆಸರಿನಲ್ಲಿ ಅದು ಒಂದು ವ್ಯವಹಾರಪದವಾಗಿಯೇ ಪರಿಗಣಿತವಾಗಿದೆ. ಅದರಲ್ಲಿ ಲಾಭನಷ್ಟಗಳನ್ನು ಕೂಡಿದವರು ತಮ್ಮ ಪಾಲಿಗೆ ತಕ್ಕಂತೆ ಹಂಚಿಕೊಳ್ಳುತ್ತಾರೆ.

ಇಂದಿನ ಪಾಲುದಾರಿಕೆಯ ಸಂಸ್ಥೆಗಳಲ್ಲಿ ಹಳೆಯ ವೈಯಕ್ತಿಕ ಹೊಣೆಯು ಉಳಿದೇ ಬಂದಿದೆ. 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ 25ನೆಯ ಪ್ರಕರಣದಂತೆ, ತಾನು ಪಾಲುದಾರನಾಗಿದ್ದ ಕಾಲದ ಸಂಸ್ಥೆಯ ಕಾರ್ಯಗಳಿಗೆಲ್ಲ ಪ್ರತಿಯೊಬ್ಬ ಪಾಲುದಾರನೂ ಇತರರೊಡನೆ ಕೂಡಿಯೂ ಒಂಟಿಯಾಗಿಯೂ ಹೊಣೆ. ಸಂಸ್ಥೆಯನ್ನು ವಿಸರ್ಜಿಸಿದ ಮೇಲೂ, ಸಾರ್ವಜನಿಕ ಪ್ರಕಟಣೆ ಕೊಡುವವರೆಗೆ, ಒಬ್ಬ ಪಾಲುದಾರನು ಸಂಸ್ಥೆಯ ಪರವಾಗಿ ನಡೆಸಿದ ವ್ಯವಹಾರಕ್ಕೆ ಉಳಿದವರು ಹೊರಗಿನವರ ಎದುರು ಹೊಣೆಯಾಗಿಯೇ ಇರುತ್ತಾರೆಂದು 45ನೆಯ ಪ್ರಕರಣವು ವಿಧಿಸುತ್ತದೆ. ಮೃತನಾದ ಅಥವಾ ನಿವೃತ್ತನಾದ ಪಾಲುದಾರನೇ ಮೊದಲಾದವರಿಗೆ ಇದರಲ್ಲಿ ವಿನಾಯಿತಿಗಳುಂಟು. ನಮ್ಮ ಉದಾಹರಣೆಯ ಸೋದರರು ಕಂಪೆನಿಯನ್ನು ನೋಂದಾಯಿಸದೆ ಪಾಲುದಾರಿಕೆಯಲ್ಲಿಯೇ ವ್ಯಾಪಾರ ಮಾಡಿದ್ದರೆ, 15 ಲಕ್ಷವೂ ಅವರ ತಲೆಯ ಮೇಲೆಯೇ ಬರುತ್ತಿತ್ತು.

3

ವ್ಯಾಪಾರದ ಋಣವನ್ನು ವ್ಯಾಪಾರಿಯ ಮನೆಯಿಂದ ಬೇರ್ಪಡಿಸುವ ಪ್ರಯತ್ನವು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಹಂತಹಂತವಾಗಿ ನಡೆಯಿತು. ಅಲ್ಲಿ 1844ರ ಕಾನೂನು ಕಂಪೆನಿಗಳು ನೋಂದಣಿಯ ಮೂಲಕ ಸ್ಥಾಪಿತವಾಗುವುದಕ್ಕೆ ದಾರಿಮಾಡಿತು. ಆದರೆ ಷೇರುದಾರರ ಹೊಣೆ ಅಪರಿಮಿತವಾಗಿಯೇ ಉಳಿಯಿತು. ಷೇರನ್ನು ಬೇರೊಬ್ಬರಿಗೆ ವರ್ಗಾಯಿಸಿದ ಮೇಲೂ ಮೂರು ವರ್ಷಗಳ ಕಾಲ ಹಿಂದಿನ ಷೇರುದಾರನು ಹೊಣೆಯಿಂದ ಪಾರಾಗುತ್ತಿರಲಿಲ್ಲ. 1855ರಲ್ಲಿ ಪರಿಮಿತ ಹೊಣೆಯ ಕಾನೂನು ಬಂದಿತು. 1856ರಲ್ಲಿ ಅದನ್ನು ರದ್ದುಮಾಡಿ, ಏಳು ಜನ ಸಹಿ ಹಾಕಿದರೆ ಪರಿಮಿತ ಹೊಣೆಯ ಕಂಪೆನಿಯನ್ನು ಸ್ಥಾಪಿಸಬಹುದೆಂದು ವಿಧಿಸಲಾಯಿತು. ಹೊರಗಿನವರಿಗೆ ಎಚ್ಚರಿಕೆಯಾಗಲೆಂದು ಕಂಪೆನಿಯ ಹೆಸರಿನ ಕೊನೆಯಲ್ಲಿ ಲಿಮಿಟೆಡ್ ಎಂಬ ಪದವನ್ನು ಕಡ್ಡಾಯವಾಗಿ ಸೇರಿಸಬೇಕಾಯಿತು. 1862ರ ಕಾನೂನು ಈ ವ್ಯವಸ್ಥೆಯನ್ನು ಕ್ರೋಡೀಕರಿಸಿತು.

ಅಪರಿಮಿತ ಹೊಣೆಯೆಂದರೆ ವಾಸ್ತವದಲ್ಲಿ ಏನೆಂಬುದನ್ನು 1878ರ ಅಕ್ಟೋಬರಿನಲ್ಲಿ ಮುರಿದುಬಿದ್ದ ಸಿಟಿ ಆಫ್ ಗ್ಲಾಸ್ಗೊ ಬ್ಯಾಂಕಿನ ಕಥೆ ತೋರಿಸುತ್ತದೆ. ಆ ಬ್ಯಾಂಕು ಪರಿಮಿತ ಹೊಣೆಯನ್ನು ಪಡೆದಿರಲಿಲ್ಲ. ಅದರ ಸಾಲ ತೀರಿಸುವುದಕ್ಕಾಗಿ ಷೇರುದಾರರಿಂದ ಪ್ರತಿ 100 ಪೌಂಡಿನ ಷೇರಿಗೆ ಎರಡು ಕಂತುಗಳಲ್ಲಿ ಒಟ್ಟು 2,750 ಪೌಂಡುಗಳನ್ನು ಕೇಳಲಾಯಿತು. ಷೇರುದಾರರು ಇದ್ದದ್ದು 1,819 ಮಂದಿ. ಕೊನೆಗೆ ದಿವಾಳಿಯಾಗದೆ ಉಳಿದವರು 254 ಮಂದಿ ಮಾತ್ರ.

ಭಾರತದಲ್ಲಿ 1850ರ ಕಾಯಿದೆ ಕಂಪೆನಿಗಳ ನೋಂದಣಿಗೂ, 1857ರ ಕಾಯಿದೆ ಪರಿಮಿತ ಹೊಣೆಗೂ ಅವಕಾಶ ಕೊಟ್ಟವು. 1860ರಲ್ಲಿ ಬ್ಯಾಂಕುಗಳಿಗೂ ಆ ಸೌಲಭ್ಯ ವಿಸ್ತರಿಸಿತು. ಮುಂದೆ 1866, 1882, 1913 ಮತ್ತು 1956ರ ಕಾಯಿದೆಗಳು ಒಂದನ್ನೊಂದು ಅನುಸರಿಸಿ ಬಂದವು. ಈಗ ಜಾರಿಯಲ್ಲಿರುವುದು 2013ರ ಕಾಯಿದೆ. ಅದು ಒಬ್ಬನೇ ವ್ಯಕ್ತಿ ಕಂಪೆನಿಯನ್ನು ಸ್ಥಾಪಿಸುವುದಕ್ಕೂ ಅವಕಾಶವಿತ್ತಿತು. ಖಾಸಗಿ ಕಂಪೆನಿಗೆ ಕನಿಷ್ಠ ಒಂದು ಲಕ್ಷ ರೂಪಾಯಿ ಬಂಡವಾಳವಿರಬೇಕೆಂಬ ನಿಯಮವನ್ನು 2015ರ ತಿದ್ದುಪಡಿ ತೆಗೆದುಹಾಕಿತು.

ಇದೇ ಅವಧಿಯಲ್ಲಿ ಕುಟುಂಬದ ಋಣವೂ ಕ್ರಮೇಣ ಪರಿಮಿತವಾಯಿತೆಂಬುದು ಸ್ವಾರಸ್ಯದ ಸಂಗತಿ. 1866ರಲ್ಲಿ ಮುಂಬಯಿ ಪ್ರಾಂತದ ಹಿಂದೂ ವಾರಸುದಾರರ ಪರಿಹಾರ ಕಾಯಿದೆಯು, ವಾರಸುದಾರನು ತನಗೆ ದೊರೆತ ಆಸ್ತಿಯ ಮಟ್ಟಿಗೆ ಮಾತ್ರ ಮೃತನ ಸಾಲಕ್ಕೆ ಹೊಣೆಯೆಂದು ವಿಧಿಸಿತು. ಧಾರವಾಡ, ಬೆಳಗಾವಿ ಮೊದಲಾದ ಕನ್ನಡ ಜಿಲ್ಲೆಗಳು ಆಗ ಆ ಪ್ರಾಂತಕ್ಕೆ ಸೇರಿದ್ದವು. ತಂದೆಯ ಸಾಲ ತೀರಿಸುವುದು ಪುತ್ರಧರ್ಮವೆಂಬ ಒಂದೇ ಆಧಾರದ ಮೇಲೆ ಮಗನ ಮೇಲೆ ದಾವೆ ಹೂಡುವ ಹಕ್ಕನ್ನು, ಅಲ್ಲಿಂದ ಮುಂದಿನ ಸಾಲಗಳ ವಿಷಯದಲ್ಲಿ, 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆ ಕೊನೆಗಾಣಿಸಿತು.

4

ದೊಡ್ಡ ಬಂಡವಾಳದ ಉದ್ಯಮಗಳಿಗಾಗಿ ಹುಟ್ಟಿದ ಪರಿಮಿತ ಹೊಣೆಯು ಸಣ್ಣ ಅಂಗಡಿಗೂ ಸಲ್ಲುತ್ತದೆಯೇ ಎಂಬ ಪ್ರಶ್ನೆಯನ್ನು ಇತ್ಯರ್ಥಗೊಳಿಸಿದ್ದು ಸಾಲೊಮನ್ ಮೊಕದ್ದಮೆ. ಆರನ್ ಸಾಲೊಮನ್ ಎಂಬಾತ ಲಂಡನಿನ ವೈಟ್‌ಚಾಪೆಲ್ ಬೀದಿಯಲ್ಲಿ ಬಹುಕಾಲ ತೊಗಲಿನ ವ್ಯಾಪಾರವನ್ನೂ ಬೂಟು ತಯಾರಿಕೆಯನ್ನೂ ನಡೆಸಿಕೊಂಡು ಬಂದಿದ್ದ. 1892ರಲ್ಲಿ ಅವನು ಅದನ್ನು ಕಂಪೆನಿಯಾಗಿ ಮಾರ್ಪಡಿಸಿದ. ಕಾನೂನು ಕೇಳುತ್ತಿದ್ದ ಏಳು ಸದಸ್ಯರೆಂದರೆ ಅವನು, ಅವನ ಹೆಂಡತಿ, ಮಗಳು ಮತ್ತು ನಾಲ್ವರು ಗಂಡುಮಕ್ಕಳು. ವಿತರಣೆಯಾದ 20,007 ಷೇರುಗಳಲ್ಲಿ ಮನೆಯವರದು ತಲಾ ಒಂದು, ಉಳಿದವೆಲ್ಲ ಅವನವೇ. ವ್ಯಾಪಾರವನ್ನು ಕಂಪೆನಿಗೆ ಮಾರಿದ ಬೆಲೆಯ ಒಂದು ಭಾಗವಾಗಿ ಅವನು 10,000 ಪೌಂಡುಗಳ ಸಾಲಪತ್ರಗಳನ್ನು ಕಂಪೆನಿಯಿಂದ ಪಡೆದ. ಕಂಪೆನಿಯ ಆಸ್ತಿಯೇ ಅವುಗಳಿಗೆ ಭದ್ರತೆ. ಅಂದರೆ ತಾನು ಸ್ಥಾಪಿಸಿದ ಕಂಪೆನಿಗೆ ತಾನೇ ಭದ್ರತೆಯುಳ್ಳ ಋಣದಾತನಾದ.

ವ್ಯಾಪಾರ ಕೆಟ್ಟಿತು, 1893ರಲ್ಲಿ ಕಂಪೆನಿ ಕುಸಿಯಿತು. ಸಾಲಪತ್ರಗಳನ್ನು ಅಡವಾಗಿ ಪಡೆದು 5,000 ಪೌಂಡು ಕೊಟ್ಟಿದ್ದವನಿಗೆ ತೀರಿಸಿ ಉಳಿದ ಸ್ವಲ್ಪ ಹಣವೂ ಸಾಲಪತ್ರಗಳ ಬಲದಿಂದ ಸಾಲೊಮನ್ನನಿಗೆ ಸಲ್ಲತಕ್ಕದ್ದಾಗಿತ್ತು. ಭದ್ರತೆಯಿಲ್ಲದೆ ಸರಕು ಕೊಟ್ಟಿದ್ದ ವ್ಯಾಪಾರಿಗಳಿಗೆ ಬಾಕಿಯಿದ್ದ 7,000 ಪೌಂಡಿಗೂ ಮೇಲ್ಪಟ್ಟ ಮೊತ್ತಕ್ಕೆ ಏನೂ ಉಳಿಯಲಿಲ್ಲ. ಕಂಪೆನಿಯೆಂಬುದು ಸಾಲೊಮನ್ನನ ಬರಿಯ ಮುಖವಾಡ, ಆದುದರಿಂದ ಅವನೇ ಹೊಣೆ ಎಂದು ಅವರ ಪರವಾಗಿ ವಾದಿಸಲಾಯಿತು. ಕೆಳಗಿನ ನ್ಯಾಯಸ್ಥಾನವು ಕಂಪೆನಿಯನ್ನು ಅವನ ಕಾರ್ಯಕರ್ತನೆಂದು ಬಗೆದು ಈ ವಾದವನ್ನು ಒಪ್ಪಿತು. 1895ರಲ್ಲಿ ಮೇಲ್ಮನವಿಯ ನ್ಯಾಯಸ್ಥಾನವೂ, ಬೇರೆ ಕಾರಣಗಳಿಂದ, ಅದೇ ತೀರ್ಮಾನಕ್ಕೆ ಬಂದಿತು.

ಆದರೆ ಪ್ರಭುಗಳ ಸಭೆಯು 1896ರ ನವೆಂಬರಿನಲ್ಲಿ ಈ ತೀರ್ಪುಗಳನ್ನು ತಳ್ಳಿಹಾಕಿತು. ಕಾನೂನಿನಂತೆ ನೋಂದಣಿಯಾದ ಮೇಲೆ ಕಂಪೆನಿಯು ತನ್ನ ಸದಸ್ಯರಿಂದ ಬೇರೆಯಾದ ಒಬ್ಬ ವ್ಯಕ್ತಿ. ಷೇರುಗಳು ಯಾರ ಕೈಯಲ್ಲಿ ಎಷ್ಟಿವೆ ಎಂಬುದರಿಂದ ಅದು ಬದಲಾಗದು. ಅದರ ಸಾಲ ಅದರದೇ ಎಂದು ನಿರ್ಣಯವಾಯಿತು. ಇಂದು ಸಣ್ಣ ಕಂಪೆನಿಯ ಸದಸ್ಯರಿಗೆ ದೊರೆಯುವ ರಕ್ಷಣೆಯ ಅಡಿಗಲ್ಲು ಇದು. ಈ ನಿರ್ಣಯಕ್ಕೆ ಇನ್ನೊಂದು ಮುಖವೂ ಇದೆ. ಸಾಲೊಮನ್ ಗೆದ್ದನು, ಆದರೆ ಅಷ್ಟರಲ್ಲಿ ಅವನು ನಿರ್ಗತಿಕನಾಗಿ, ನಿರ್ಗತಿಕರಿಗಾಗಿ ಇರುವ ಕ್ರಮದಲ್ಲಿಯೇ ಮೇಲ್ಮನವಿ ಸಲ್ಲಿಸಬೇಕಾಗಿತ್ತು. ಅವನಿಗೆ ಸರಕು ಕೊಟ್ಟಿದ್ದವರು ಸೋತರು.

5

ಇನ್ನು ಕಂಪೆನಿಯ ಅಂತ್ಯವೆಂದರೆ ಏನೆಂಬುದನ್ನು ವಿಚಾರಿಸಬೇಕು. ಅಂಗಡಿಗೆ ಬೀಗ ಹಾಕಿದ ಮಾತ್ರಕ್ಕೆ ಕಂಪೆನಿ ಅಳಿಯುವುದಿಲ್ಲ. ರಿಜಿಸ್ಟ್ರಾರರ ದಾಖಲೆಯಲ್ಲಿ ಹೆಸರಿರುವವರೆಗೆ ಅದು ಜೀವಂತ. ಅದರ ಕರಾರುಗಳೂ ಜೀವಂತ.

ಅಂತ್ಯಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಸಮಾಪನ. ಇದರಲ್ಲಿ ಆಸ್ತಿಯನ್ನು ಮಾರಿ, ಬಂದ ಹಣವನ್ನು ಕಾನೂನು ಹೇಳುವ ಅನುಕ್ರಮದಲ್ಲಿ ಋಣದಾತರಿಗೆ ಹಂಚಿ, ಬಳಿಕ ಕಂಪೆನಿಯನ್ನು ವಿಸರ್ಜಿಸುತ್ತಾರೆ. ದಿವಾಳಿಯಾದ ಕಂಪೆನಿಗೆ 2016ರ ದಿವಾಳಿ ಸಂಹಿತೆಯ ಕ್ರಮ ಅನ್ವಯಿಸುತ್ತದೆ. ಎರಡನೆಯದು ದಾಖಲೆಯಿಂದ ಹೆಸರನ್ನು ತೆಗೆದುಹಾಕುವುದು. ಎರಡು ವರ್ಷಗಳಿಂದ ವ್ಯವಹಾರವಿಲ್ಲದಿರುವುದೇ ಮೊದಲಾದ ಕಾರಣಗಳಿಂದ ರಿಜಿಸ್ಟ್ರಾರರು ತಾವಾಗಿಯೇ ಹೀಗೆ ಮಾಡಬಹುದು; 2017ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪೆನಿಗಳ ಹೆಸರುಗಳನ್ನು ಹೀಗೆ ತೆಗೆಯಲಾಯಿತು. ಕಂಪೆನಿಯೇ ಅರ್ಜಿ ಹಾಕಿಕೊಳ್ಳಬಹುದು, ಆದರೆ ತನ್ನ ಋಣಗಳನ್ನೆಲ್ಲ ತೀರಿಸಿದ ಮೇಲೆ ಮಾತ್ರ. ಆಗ ನಿರ್ದೇಶಕರು ನಷ್ಟಭರ್ತಿಯ ಮುಚ್ಚಳಿಕೆಯನ್ನೂ ಬರೆದುಕೊಡಬೇಕಾಗುತ್ತದೆ. ಆದುದರಿಂದ 15 ಲಕ್ಷ ಸಾಲವುಳ್ಳ ನಮ್ಮ ಸೋದರರ ಕಂಪೆನಿ, ಸಾಲವಿಲ್ಲವೆಂದು ಹೇಳಿ ಈ ಎರಡನೆಯ ದಾರಿಯನ್ನು ಹಿಡಿದರೆ, ಮುಚ್ಚುವ ಕಾಗದವೇ ಅವರ ಮೇಲೆ ಹೊಸ ಹೊಣೆಯನ್ನು ತರುತ್ತದೆ.

ಹೆಸರು ಹೋದ ಬಳಿಕವೂ ಕಂಪೆನಿಗೆ ಬರಬೇಕಾದದ್ದನ್ನು ವಸೂಲು ಮಾಡುವುದಕ್ಕೂ ಅದು ಕೊಡಬೇಕಾದದ್ದನ್ನು ತೀರಿಸುವುದಕ್ಕೂ ಅವಕಾಶ ಉಳಿದೇ ಇರುತ್ತದೆ. ನೊಂದ ಋಣದಾತನು ಹೆಸರು ತೆಗೆದ ಪ್ರಕಟಣೆಯಿಂದ 20 ವರ್ಷಗಳೊಳಗೆ ಅರ್ಜಿ ಸಲ್ಲಿಸಿ, ನ್ಯಾಯಮಂಡಳಿಗೆ ಒಪ್ಪಿಗೆಯಾದರೆ, ಕಂಪೆನಿಯನ್ನು ದಾಖಲೆಗೆ ಮರಳಿ ಸೇರಿಸುವಂತೆ ಮಾಡಬಹುದು. ಮನುಷ್ಯನ ಮರಣಕ್ಕೂ ಕಂಪೆನಿಯ ಮರಣಕ್ಕೂ ಇರುವ ದೊಡ್ಡ ಅಂತರ ಇದೇ.

2013ರ ಕಾಯಿದೆಯ 248ನೆಯ ಪ್ರಕರಣದ 7ನೆಯ ಉಪಪ್ರಕರಣವು ವಿಶೇಷ ಗಮನಕ್ಕೆ ಅರ್ಹವಾದದ್ದು. ಹೆಸರು ತೆಗೆದುಹಾಕಲ್ಪಟ್ಟ ಕಂಪೆನಿಯ ನಿರ್ದೇಶಕರಿಗೂ ವ್ಯವಸ್ಥಾಪಕರಿಗೂ ಸದಸ್ಯರಿಗೂ ಹೊಣೆಯೇನಾದರೂ ಇದ್ದರೆ, ಕಂಪೆನಿ ವಿಸರ್ಜಿತವಾಗಲೇ ಇಲ್ಲವೋ ಎಂಬಂತೆ ಅದು ಮುಂದುವರಿಯುತ್ತದೆ ಎಂಬುದು ಅದರ ತಾತ್ಪರ್ಯ. 1956ರ ಕಾಯಿದೆಯಲ್ಲಿಯೂ ಈ ನಿಯಮವಿತ್ತು. ಇದನ್ನು ಓದಿದ ಕೆಲವರು, ಕಂಪೆನಿಯ ಸಾಲವೆಲ್ಲ ನಿರ್ದೇಶಕರ ಮೇಲೆ ಬೀಳುತ್ತದೆಂದು ಭಾವಿಸುವುದುಂಟು. ಆದರೆ ಇಲ್ಲಿ ಇದ್ದರೆ ಎಂಬ ಒಂದು ಪದದಲ್ಲಿಯೇ ಎಲ್ಲ ಅರ್ಥವೂ ನಿಂತಿದೆ. ಈ ನಿಯಮವು ಹೊಸ ಹೊಣೆಯನ್ನು ಸೃಷ್ಟಿಸುವುದಿಲ್ಲ. ಮೊದಲೇ ಇದ್ದ ಹೊಣೆಯನ್ನು ಅಳಿಯಗೊಡುವುದಿಲ್ಲ. ಹಾಗಾದರೆ ಮೊದಲೇ ಇರಬಹುದಾದ ವೈಯಕ್ತಿಕ ಹೊಣೆ ಎಂಥದು?

6

ಅದು ಹುಟ್ಟುವ ಮುಖ್ಯ ಸಂದರ್ಭಗಳನ್ನು ಐದಾಗಿ ವಿಂಗಡಿಸಬಹುದು.

ಮೊದಲನೆಯದು ಷೇರಿನ ಬಾಕಿ. ಷೇರಿನ ಪೂರ್ಣ ಬೆಲೆಯನ್ನು ಕೊಡದೆ ಉಳಿಸಿಕೊಂಡಿದ್ದ ಸದಸ್ಯನು ಆ ಬಾಕಿಯ ಮಟ್ಟಿಗೆ ಹೊಣೆ. ಪರಿಮಿತ ಹೊಣೆಯೆಂಬ ಮಾತಿನ ನೇರವಾದ ಅರ್ಥವೇ ಇದು.

ಎರಡನೆಯದು ಕಂಪೆನಿ ಹುಟ್ಟುವ ಮೊದಲೇ ಮಾಡಿದ ಕರಾರು. 1866ರ ಜನವರಿಯಲ್ಲಿ, ಇಂಗ್ಲೆಂಡಿನ ಗ್ರೇವ್ಸೆಂಡಿನಲ್ಲಿ ಆರಂಭವಾಗಲಿದ್ದ ಹೋಟೆಲ್ ಕಂಪೆನಿಯೊಂದರ ಪರವಾಗಿ ಅದರ ಪ್ರವರ್ತಕರು 900 ಪೌಂಡು ಬೆಲೆಯ ದ್ರಾಕ್ಷಾಮದ್ಯವನ್ನು ಕೊಳ್ಳಲು ಸಹಿ ಹಾಕಿದರು. ಕಂಪೆನಿ ಮುಂದಿನ ತಿಂಗಳು ನೋಂದಣಿಯಾಯಿತು, ಮದ್ಯವೂ ಖರ್ಚಾಯಿತು. ಹಣ ಕೊಡುವ ಮೊದಲೇ ಕಂಪೆನಿ ಬಿದ್ದುಹೋಯಿತು. ಕರಾರಿನ ದಿನ ಇಲ್ಲದಿದ್ದ ಕಂಪೆನಿಗೆ ಕಾರ್ಯಕರ್ತರು ಇರಲಾರರು, ಆದುದರಿಂದ ಸಹಿ ಮಾಡಿದವರೇ ಹೊಣೆ ಎಂದು ಕೆಲ್ನರ್ ಮತ್ತು ಬ್ಯಾಕ್ಸ್ಟರ್ ಮೊಕದ್ದಮೆಯಲ್ಲಿ ನಿರ್ಣಯವಾಯಿತು. ಇಂಥ ಕರಾರು ಕಂಪೆನಿಯ ಉದ್ದೇಶಗಳಿಗೆ ಒಪ್ಪುವಂತಿದ್ದು, ಕಂಪೆನಿಯು ಹುಟ್ಟಿದ ಮೇಲೆ ಅದನ್ನು ಅಂಗೀಕರಿಸಿ ಎದುರಿನವನಿಗೆ ತಿಳಿಸಿದರೆ, ಅದನ್ನು ಕಂಪೆನಿಯ ಮೇಲೆ ಜಾರಿಗೊಳಿಸುವುದಕ್ಕೆ ಭಾರತದಲ್ಲಿ 1963ರ ನಿರ್ದಿಷ್ಟ ಪರಿಹಾರ ಕಾಯಿದೆ ಅವಕಾಶವಿತ್ತಿದೆ. ಅಂಗಡಿಯ ಬಾಡಿಗೆಯ ಕರಾರು ನೋಂದಣಿಗೆ ಮುಂಚಿತವಾಗಿಯೇ ಆಗುವುದು ಸಾಮಾನ್ಯವಾದುದರಿಂದ, ಕಾಗದದ ಮೇಲಿನ ತೇದಿಯು ಅಲಕ್ಷಿಸತಕ್ಕದ್ದಲ್ಲ.

ಮೂರನೆಯದು ಸಹಿಯ ರೀತಿ. ಕಂಪೆನಿಯ ಹೆಸರನ್ನೇ ಹೇಳದೆ ತನ್ನ ಹೆಸರಿನಲ್ಲಿ ಕರಾರು ಮಾಡಿಕೊಂಡವನು, ತಾನು ಬೇರೊಬ್ಬರ ಕಾರ್ಯಕರ್ತನೆಂದು ಆಮೇಲೆ ಹೇಳಿ ಸುಲಭವಾಗಿ ಪಾರಾಗಲಾರನು. 1872ರ ಭಾರತೀಯ ಕರಾರು ಕಾಯಿದೆಯ 230ನೆಯ ಪ್ರಕರಣವು ಇಂಥಲ್ಲಿ ಕಾರ್ಯಕರ್ತನೇ ಬದ್ಧನೆಂದು ಭಾವಿಸುತ್ತದೆ. ಹಿಂದಿನ ಶಾಸನಗಳು ಇನ್ನೂ ಕಠಿಣವಾಗಿದ್ದವು. ಚೆಕ್ಕಿನ ಮೇಲೆ ಕಂಪೆನಿಯ ಹೆಸರು ತಪ್ಪಾಗಿದ್ದರೆ ಸಹಿ ಮಾಡಿದವನು ಹೊಣೆಯೆಂದು ಇಂಗ್ಲೆಂಡಿನ ಕಾನೂನು ಹೇಳುತ್ತಿತ್ತು. ಎರಡು ಅಕ್ಷರಗಳ ನಡುವಿನ ಮತ್ತು ಎಂಬ ಚಿಹ್ನೆಯೊಂದು ಬಿಟ್ಟುಹೋದದ್ದಕ್ಕಾಗಿ ನಿರ್ದೇಶಕರು ಸ್ವಂತ ಹಣ ತೆರಬೇಕಾದ ಪ್ರಸಂಗ 1973ರಲ್ಲಿ ಅಲ್ಲಿ ನಡೆಯಿತು. ಭಾರತದ 1956ರ ಕಾಯಿದೆಯಲ್ಲಿಯೂ ಅಂಥ ನಿಯಮವಿತ್ತು.

ನಾಲ್ಕನೆಯದು ವಂಚನೆ. ತೀರಿಸಲಾಗದೆಂದು ತಿಳಿದೂ ಮೋಸದ ಉದ್ದೇಶದಿಂದ ಕಂಪೆನಿಯ ಹೆಸರಿನಲ್ಲಿ ಸಾಲ ಮಾಡುತ್ತ ಹೋದವರನ್ನು ವೈಯಕ್ತಿಕವಾಗಿ ಹೊಣೆಮಾಡುವ ಅಧಿಕಾರವು 2013ರ ಕಾಯಿದೆಯ 339ನೆಯ ಪ್ರಕರಣದಲ್ಲಿಯೂ 2016ರ ಸಂಹಿತೆಯ 66ನೆಯ ಪ್ರಕರಣದಲ್ಲಿಯೂ ಇದೆ. ವ್ಯಾಪಾರದಲ್ಲಿ ಸೋಲುವುದು ಅಪರಾಧವಲ್ಲ. ಸೋಲನ್ನು ಬಚ್ಚಿಟ್ಟು ಪರರ ಸೊತ್ತನ್ನು ಸೆಳೆಯುವುದು ಅಪರಾಧ.

ಐದನೆಯದೂ ಬಹುಮುಖ್ಯವಾದದ್ದೂ ವೈಯಕ್ತಿಕ ಜಾಮೀನು. ಸಣ್ಣ ಕಂಪೆನಿಗೆ ಸಾಲ ಕೊಡುವ ಬ್ಯಾಂಕು, ಕಂಪೆನಿಯ ಸಹಿಯ ಜೊತೆಗೆ ನಿರ್ದೇಶಕರಿಂದ ಸ್ವಂತದ ಜಾಮೀನನ್ನೂ ಬರೆಸಿಕೊಳ್ಳುವುದು ವಾಡಿಕೆ. ಒಬ್ಬನೇ ಮನುಷ್ಯನು ಒಮ್ಮೆ ಕಂಪೆನಿಯ ಪರವಾಗಿ, ಮತ್ತೊಮ್ಮೆ ತನ್ನ ಪರವಾಗಿ, ಹೀಗೆ ಎರಡು ಬಾರಿ ರುಜು ಹಾಕುತ್ತಾನೆ. ಮೊದಲನೆಯ ರುಜು ಕಂಪೆನಿಯದು, ಎರಡನೆಯದು ಅವನದು.

ಈ ಎರಡನೆಯ ರುಜುವಿನ ಪರಿಣಾಮವನ್ನು ಕರಾರು ಕಾಯಿದೆ ಖಚಿತವಾಗಿ ಹೇಳಿದೆ. ಬೇರೆ ಒಪ್ಪಂದವಿಲ್ಲದಿದ್ದರೆ ಜಾಮೀನುದಾರನ ಹೊಣೆ ಮೂಲ ಋಣಿಯ ಹೊಣೆಗೆ ಸಮವ್ಯಾಪ್ತಿಯುಳ್ಳದ್ದೆಂದು 128ನೆಯ ಪ್ರಕರಣವು ವಿಧಿಸುತ್ತದೆ. ಋಣದಾತನು ಮೊದಲು ಮೂಲ ಋಣಿಯ ಬೆನ್ನುಹತ್ತಿ ಸೋತು ಬಂದ ಮೇಲೆಯೇ ಜಾಮೀನುದಾರನನ್ನು ಕೇಳಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಬ್ಯಾಂಕ್ ಆಫ್ ಬಿಹಾರಿನ ಮೊಕದ್ದಮೆಯಲ್ಲಿ 1968ರಲ್ಲಿ ನಿರ್ಣಯಿಸಿತು. ಋಣದಾತನು ತಾನಾಗಿ ಮೂಲ ಋಣಿಯನ್ನು ಬಿಡುಗಡೆ ಮಾಡಿದರೆ ಜಾಮೀನುದಾರನೂ ಬಿಡುಗಡೆ ಹೊಂದುತ್ತಾನೆಂಬುದು 134ನೆಯ ಪ್ರಕರಣದ ನಿಯಮ. ಕಂಪೆನಿಯ ಸಮಾಪನವೂ ಇಂಥ ಬಿಡುಗಡೆಯೇ ಅಲ್ಲವೇ ಎಂಬ ವಾದಕ್ಕೆ 1982ರಲ್ಲಿ, ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿಯ ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯ ಉತ್ತರಿಸಿತು: ಕಾನೂನಿನ ನಡೆಯಿಂದ ಋಣಿಗೆ ದೊರೆಯುವ ಬಿಡುಗಡೆ ಜಾಮೀನುದಾರನಿಗೆ ಸಲ್ಲುವುದಿಲ್ಲ. ದಿವಾಳಿ ಸಂಹಿತೆಯ ಕೆಳಗೆ ಕಂಪೆನಿಯ ಸಾಲಕ್ಕೆ ಪರಿಹಾರ ಯೋಜನೆಯೊಂದು ಮಂಜೂರಾದ ಮಾತ್ರಕ್ಕೆ ಜಾಮೀನುದಾರರು ಮುಕ್ತರಾಗುವುದಿಲ್ಲವೆಂದು 2021ರಲ್ಲಿ ಲಲಿತ್ ಕುಮಾರ್ ಜೈನ್ ಮೊಕದ್ದಮೆಯಲ್ಲಿಯೂ ನಿರ್ಣಯವಾಗಿದೆ.

ನಿರ್ದೇಶಕನ ಪದವಿಗೆ ರಾಜೀನಾಮೆ ಕೊಟ್ಟರೂ, ಷೇರುಗಳನ್ನು ಮಾರಿಬಿಟ್ಟರೂ ಹಿಂದಿನ ಸಾಲದ ಜಾಮೀನು ತಾನಾಗಿ ಬಿದ್ದುಹೋಗುವುದಿಲ್ಲ. ಮುಂದುವರಿಯುವ ಜಾಮೀನನ್ನು ಮುಂದಿನ ವ್ಯವಹಾರಗಳ ಮಟ್ಟಿಗೆ ನೋಟೀಸು ಕೊಟ್ಟು ಹಿಂತೆಗೆದುಕೊಳ್ಳಬಹುದೆಂದು 130ನೆಯ ಪ್ರಕರಣವು ಹೇಳುತ್ತದೆ. ಈ ನೋಟೀಸನ್ನು ಕೊಡದೆ ಸಂಸ್ಥೆಯಿಂದ ಹೊರಬಂದವನು, ತಾನಿಲ್ಲದಾಗ ಇತರರು ಬೆಳೆಸಿದ ಸಾಲಕ್ಕೂ ಉತ್ತರ ಹೇಳಬೇಕಾದೀತು.

7

ಈಗ ಮೊದಲ ಉದಾಹರಣೆಗೆ ಬರೋಣ. ಕಂಪೆನಿಯ ಷೇರುಗಳ ಬೆಲೆ ಪೂರ್ತಿ ಸಂದಿದೆ, ವಂಚನೆ ಏನೂ ನಡೆದಿಲ್ಲ, ಬಾಡಿಗೆಯ ಕರಾರೂ ಉದ್ದರಿಯ ಚೀಟಿಗಳೂ ಕಂಪೆನಿಯ ಹೆಸರಿನಲ್ಲಿಯೇ ಇವೆ, ಬ್ಯಾಂಕಿಗೆ ಮಾತ್ರ ಸರಕಿನ ಅಡವೂ ಸೋದರರ ಜಾಮೀನೂ ಉಂಟು ಎಂದು ಭಾವಿಸೋಣ. ಸಮಾಪನದ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, 4 ಲಕ್ಷದ ಸರಕು ಬ್ಯಾಂಕಿಗೆ ಹೋಗುತ್ತದೆ. ಉಳಿದ 6 ಲಕ್ಷವನ್ನು ಬ್ಯಾಂಕು ಸೋದರರ ಮನೆ, ಜಮೀನುಗಳಿಂದ ವಸೂಲು ಮಾಡಬಹುದು. ಸಗಟು ವ್ಯಾಪಾರಿಯ 3 ಲಕ್ಷಕ್ಕೂ ಕಟ್ಟಡದ ಮಾಲೀಕನ 2 ಲಕ್ಷಕ್ಕೂ ಅವನು ಮುಂಗಡವಾಗಿ ಇರಿಸಿಕೊಂಡದ್ದನ್ನು ಬಿಟ್ಟರೆ ದೊರೆಯುವುದು ಏನೂ ಇಲ್ಲ.

ಈ ಹಂಚಿಕೆಯನ್ನು ಸೂಕ್ಷ್ಮವಾಗಿ ಗಮನಿಸಬೇಕು. ಪರಿಮಿತ ಹೊಣೆಯ ರಕ್ಷಣೆ ಸೋದರರಿಗೆ ಬ್ಯಾಂಕಿನ ಎದುರು ದೊರೆಯಲಿಲ್ಲ. ಜಾಮೀನು ಕೇಳುವಷ್ಟು ಬಲವಿಲ್ಲದ ಸಣ್ಣ ಋಣದಾತರ ಎದುರು ದೊರೆಯಿತು. ಸಾಲೊಮನ್ನನ ಕಂಪೆನಿಯಲ್ಲಿ ಬರಿಗೈಯಾದವರೂ ಇಂಥ ಸರಕಿನ ವ್ಯಾಪಾರಿಗಳೇ ಎಂಬುದನ್ನು ಓದುಗರು ನೆನೆಯಬಹುದು. ಶಾಸನವು ಎಲ್ಲರಿಗೂ ಸಮಾನವಾಗಿ ಒಡ್ಡಿದ ಗೋಡೆಯಲ್ಲಿ ಪ್ರಬಲನಾದ ಋಣದಾತನು ಕರಾರಿನ ಮೂಲಕ ತನಗೊಂದು ಬಾಗಿಲು ಮಾಡಿಕೊಂಡಿದ್ದಾನೆ. ದುರ್ಬಲನು ಗೋಡೆಯ ಆಚೆಯೇ ನಿಲ್ಲುತ್ತಾನೆ. ಶಾಸನಕರ್ತರು ಈ ಅಸಮತೆಯನ್ನು ಕಂಡಿಲ್ಲವೆಂದಲ್ಲ. ಕೆಲಸಗಾರರ ಬಾಕಿಯನ್ನು ಭದ್ರತೆಯುಳ್ಳ ಸಾಲದ ಸಾಲಿಗೆ ತಂದ 1985ರ ತಿದ್ದುಪಡಿಯೂ, ಸಮಾಪನಕ್ಕೆ ಹಿಂದಿನ 24 ತಿಂಗಳ ಅವರ ಬಾಕಿಗೆ ಮೇಲಿನ ಸ್ಥಾನ ಕೊಟ್ಟ 2016ರ ಸಂಹಿತೆಯೂ ಅದಕ್ಕೆ ಸಾಕ್ಷಿ. ಆದರೆ ಉದ್ದರಿ ಕೊಟ್ಟ ಸಣ್ಣ ವ್ಯಾಪಾರಿಯು ಅನುಕ್ರಮದ ಕೆಳಭಾಗದಲ್ಲಿಯೇ ಉಳಿದಿದ್ದಾನೆ.

ಇಲ್ಲಿ ಯಾಜ್ಞವಲ್ಕ್ಯನ ವಿಂಗಡಣೆಯು ಮತ್ತೆ ನೆನಪಾಗುತ್ತದೆ. ಅವನಿಗೂ ಅವನ ವ್ಯಾಖ್ಯಾನಕಾರನಿಗೂ ಇಂದಿನ ಕಂಪೆನಿಯ ಕಲ್ಪನೆಯಿರಲಿಲ್ಲ. ಎರಡು ವ್ಯವಸ್ಥೆಗಳನ್ನು ಒಂದೇ ಎನ್ನುವುದು ಚರಿತ್ರೆಗೆ ಅಪಚಾರ. ಆದರೂ, ನಾನು ಕೊಡುತ್ತೇನೆ ಎಂದು ಹೇಳಿದವನ ಮಾತು ಬರಿಯ ಭರವಸೆಗಿಂತ ದೀರ್ಘಾಯುಷಿ ಎಂಬ ವಿವೇಕ ಎರಡಕ್ಕೂ ಸಮಾನ. ಅಂತರವಿರುವುದು ಇಷ್ಟರಲ್ಲಿ: ಅಂದಿನ ದಾನಪ್ರತಿಭುವಿನ ಮಾತು ಮಗನನ್ನು ಹಿಂಬಾಲಿಸುತ್ತಿತ್ತು, ಇಂದಿನ ಜಾಮೀನುದಾರನ ಹೊಣೆ ಅವನು ಬಿಟ್ಟುಹೋದ ಆಸ್ತಿಯನ್ನು ಹಿಂಬಾಲಿಸುತ್ತದೆ, ಮಗನನ್ನಲ್ಲ.

ಮೇಲಿನ ವಿವೇಚನೆಯಿಂದ ನಮ್ಮ ಪ್ರಶ್ನೆಗೆ ದೊರೆಯುವ ಉತ್ತರವನ್ನು ಹೀಗೆ ಸಂಗ್ರಹಿಸಬಹುದು. ಕಂಪೆನಿಯ ಮುಕ್ತಾಯವು ಕಂಪೆನಿಯ ಋಣವನ್ನು ಸದಸ್ಯರ ಮೇಲೆ ಹೊರಿಸುವುದಿಲ್ಲ. ಸದಸ್ಯರ ಸ್ವಂತ ಋಣವನ್ನು ಅಳಿಸುವುದೂ ಇಲ್ಲ. ಯಾವುದು ಕಂಪೆನಿಯದು, ಯಾವುದು ಸ್ವಂತದ್ದು ಎಂಬುದು ಮುಚ್ಚುವ ದಿನ ನಿರ್ಧಾರವಾಗುವುದಲ್ಲ. ಕರಾರುಗಳಿಗೆ ರುಜು ಹಾಕಿದ ದಿನಗಳಲ್ಲಿಯೇ ನಿರ್ಧಾರವಾಗಿರುತ್ತದೆ. ಆದುದರಿಂದ ಮುಚ್ಚುವ ಮೊದಲು ಪ್ರತಿಯೊಂದು ಕರಾರನ್ನೂ ತೆಗೆದು, ಯಾರ ಹೆಸರಿನಲ್ಲಿ, ಯಾವ ತೇದಿಯಲ್ಲಿ, ಎಷ್ಟು ರುಜುಗಳಿಂದ ಆಯಿತೆಂದು ನೋಡುವುದೇ ವಿವೇಕದ ಮಾರ್ಗ.

ಚರಿತ್ರೆಯ ವಿದ್ಯಾರ್ಥಿಗಳಿಗೆ ಇದರಿಂದ ಇನ್ನೊಂದು ಸೂಚನೆಯೂ ದೊರೆಯುತ್ತದೆ. 1857ರಿಂದೀಚೆಗೆ ಭಾರತದ ವ್ಯಾಪಾರಿಗಳಿಗೆ ಪರಿಮಿತ ಹೊಣೆ ದೊರೆಯಿತೆಂದು ಕಾಯಿದೆಗಳನ್ನು ಮಾತ್ರ ಓದಿ ಬರೆದರೆ ಅದು ಅರ್ಧ ಚರಿತ್ರೆ. ವ್ಯಾಪಾರದ ಸೋಲಿನ ಭಾರ ನಿಜವಾಗಿ ಯಾರ ಹೆಗಲ ಮೇಲೆ ಬಿತ್ತೆಂಬುದು ಜಾಮೀನುಪತ್ರಗಳಲ್ಲಿಯೂ ಬಾಡಿಗೆಯ ಕರಾರುಗಳಲ್ಲಿಯೂ ಉದ್ದರಿಯ ಲೆಕ್ಕದ ಪುಸ್ತಕಗಳಲ್ಲಿಯೂ ಅಡಗಿದೆ. ನಮ್ಮ ಪೇಟೆಗಳ ಹಳೆಯ ಅಂಗಡಿಗಳಲ್ಲಿ ಇಂಥ ಕಾಗದಗಳು ಇನ್ನೂ ಉಳಿದಿರುವ ಕಡೆ, ಅವು ರದ್ದಿಗೆ ಸಲ್ಲುವ ಮೊದಲೇ ಸಂಗ್ರಹಿಸಿ ಪರಿಶೀಲಿಸುವುದು ಸಂಶೋಧಕರು ಕೈಗೊಳ್ಳಬೇಕಾದ ಕಾರ್ಯವೆಂದು ನಾವು ಭಾವಿಸುತ್ತೇವೆ.